ಹುದ್ದೆ ಖಾಲಿ ಇಲ್ಲ

ಶಾಸಕರ ಆಪ್ತ ಸಹಾಯಕನ ಕೆಲಸದಿಂದ ನಿವೃತ್ತನಾದಾಗ ನನಗೆ ಮೂವತ್ತನಾಲ್ಕು ವರ್ಷ. ನಿವೃತ್ತಿ ಎಂಬ ಮಾತು ಈ ವಯಸ್ಸಿಗೆ ದೊಡ್ಡದಾಯಿತು ಅನ್ನಿಸಬಹುದು. ಆ ಕುರ್ಚಿಯಲ್ಲಿ ಇನ್ನೊಮ್ಮೆ ಕೂರುವುದಿಲ್ಲ ಎಂದು ತೀರ್ಮಾನಿಸಿದವನಿಗೆ ಬೇರೆ ಮಾತು ಸಿಕ್ಕಲಿಲ್ಲ.

ಮೂಲತಃ ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ. ನನ್ನಂಥವರನ್ನು ನಿಯೋಜನೆ ಎಂಬ ಹೆಸರಿನಲ್ಲಿ ಶಾಲೆಯಿಂದ ಎತ್ತಿ ಶಾಸಕರ ಕಚೇರಿಯಲ್ಲಿ ಕೂರಿಸುವ ಪದ್ಧತಿ ಇದೆ. ಸಂಬಳ ಶಾಲೆಯ ಲೆಕ್ಕದಲ್ಲಿ, ಕೆಲಸ ಶಾಸಕರ ಮನೆಯಲ್ಲಿ. ಪ್ರತಿ ಚುನಾವಣೆ ಮುಗಿದ ಮೇಲೂ ನಾಲ್ಕು ಜನ ಚುರುಕಾದ ಹುಡುಗ ಮೇಷ್ಟ್ರುಗಳಿಗೆ ಕರೆ ಬರುತ್ತದೆ. ಅವರು ಅದನ್ನು ಅದೃಷ್ಟ ಎಂದುಕೊಂಡು ಹೋಗುತ್ತಾರೆ. ಅಂಥವರು ಓದಲಿ ಎಂದು ಬರೆಯುತ್ತಿದ್ದೇನೆ. ದಿನಾ ಡೈರಿ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಿಂದ ಇದೆ. ಆ ವರ್ಷಗಳ ಡೈರಿಗಳು ಮೇಜಿನ ಮೇಲಿವೆ. ಸಿಟ್ಟಿನಲ್ಲಿ ಬರೆದರೂ ಇಲ್ಲದ್ದನ್ನು ಬರೆಯಲು ಅವು ಬಿಡುವುದಿಲ್ಲ.

ನಮ್ಮ ಶಾಸಕರ ಹೆಸರನ್ನಾಗಲಿ ಕ್ಷೇತ್ರವನ್ನಾಗಲಿ ಇಲ್ಲಿ ಹಾಕುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಅವರೀಗ ಮಾಜಿ. ಶಾಸಕರಾಗುವ ಮೊದಲು ಅವರು ಹೈಸ್ಕೂಲಿನ ಗಣಿತದ ಮೇಷ್ಟ್ರು, ಹತ್ತನೇ ತರಗತಿಯಲ್ಲಿ ನನಗೆ ಪಾಠ ಹೇಳಿದವರು. ಒಳ್ಳೆಯ ಮೇಷ್ಟ್ರು, ಅದನ್ನು ಮುಚ್ಚಿಡಬಾರದು. ವಿಸ್ತೀರ್ಣದ ಪಾಠಕ್ಕೆ ಶಾಲೆಯ ಹಿಂದಿನ ತೋಟಕ್ಕೆ ಕರೆದುಕೊಂಡು ಹೋಗಿ, ತೆಂಗಿನ ಸಾಲುಗಳ ನಡುವೆ ಹೆಜ್ಜೆ ಹಾಕಿಸಿ, ಒಂದು ಎಕರೆಗೆ ಎಷ್ಟು ಸಸಿ ಹಿಡಿಯುತ್ತದೆ ಎಂದು ನಮ್ಮಿಂದಲೇ ಲೆಕ್ಕ ತೆಗೆಸುತ್ತಿದ್ದರು. ಗಣಿತಕ್ಕೆ ಹೆದರುತ್ತಿದ್ದ ನಾನು ಅವರಿಂದಲೇ ಮೇಷ್ಟ್ರಾದೆ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಚುನಾವಣೆಗೆ ನಿಂತಾಗ ಅವರು ಊರೂರಿನಲ್ಲೂ ಹೇಳಿದ್ದು ಒಂದೇ ಮಾತು: ‘ಒಬ್ಬ ಮೇಷ್ಟ್ರನ್ನ ವಿಧಾನಸಭೆಗೆ ಕಳಿಸಿ, ನಿಮ್ಮ ಶಾಲೆಗಳ ಕಷ್ಟ ಅಲ್ಲಿ ಗೊತ್ತಾಗಲಿ.’ ಜನ ನಂಬಿದರು. ನಾನೂ ನಂಬಿದೆ.

ಗೆದ್ದ ಮೇಲೆ ಸನ್ಮಾನಕ್ಕೆ ಹೋಗಿದ್ದೆ. ನಮ್ಮ ಕಡೆಯ ಪದ್ಧತಿಯಂತೆ ಕೊಬ್ಬರಿ ಹಾರ ಹಾಕಿದ್ದರು. ಅದರ ಭಾರಕ್ಕೆ ಕುತ್ತಿಗೆ ಬಗ್ಗಿಸಿಕೊಂಡೇ ನನ್ನ ಕಡೆ ನೋಡಿ, ‘ಪ್ರಸನ್ನ ಅಲ್ವೇನೋ? ಡೈರಿ ಇನ್ನೂ ಬರೀತೀಯಾ?’ ಎಂದರು.

‘ಬರೀತೀನಿ ಸಾರ್.’

‘ಅಕ್ಷರ ಹಾಗೇ ಮುತ್ತಿನ ಹಂಗಿದೆಯಾ? ಸರಿ ಬುಡು.’

ಅಷ್ಟೇ. ವಾರ ಕಳೆಯುವುದರೊಳಗೆ ನಿಯೋಜನೆಯ ಆದೇಶ ಬಂತು. ನನ್ನನ್ನು ಯಾರೂ ಕೇಳಲಿಲ್ಲ, ನಮ್ಮ ಶಾಲೆಯನ್ನಂತೂ ಕೇಳುವ ಮಾತೇ ಇರಲಿಲ್ಲ. ಅದು ಹೆದ್ದಾರಿಯಿಂದ ಒಳಗಿರುವ ಒಂದು ಪಾಳ್ಯ. ಐದು ತರಗತಿ, ಇಬ್ಬರು ಶಿಕ್ಷಕರು. ಮುಖ್ಯ ಶಿಕ್ಷಕಿ ನಾಗರತ್ನ ಮೇಡಂ, ಇನ್ನೊಬ್ಬ ನಾನು. ಮೇಡಂ ಆದೇಶವನ್ನು ಓದಿ ಕನ್ನಡಕ ತೆಗೆದಿಟ್ಟರು.

‘ಹೋಗಿ ಬನ್ನಿ ಸರ್. ನಿಮ್ಮ ಬದಲಿಗೆ ಯಾರಂತೆ?’

‘ಕೊಡ್ತಾರಂತೆ ಮೇಡಂ.’

‘ಯಾರು ಹೇಳಿದ್ರು?’

ಯಾರೂ ಹೇಳಿರಲಿಲ್ಲ. ಕೊಡುತ್ತಾರೆ ಎಂದು ನಾನೇ ಅಂದುಕೊಂಡಿದ್ದೆ.

ಆಪ್ತ ಸಹಾಯಕನೆಂದರೆ ಕಡತ, ಪ್ರಶ್ನೋತ್ತರ, ಅನುದಾನ ಎಂದೆಲ್ಲ ಕಲ್ಪಿಸಿಕೊಂಡು ಬರುವ ಹುಡುಗರು ಕೇಳಿಸಿಕೊಳ್ಳಿ. ಬೆಳಿಗ್ಗೆ ನನ್ನ ಮೊದಲ ಕೆಲಸ ಕಚೇರಿಯ ಜಗಲಿಯಲ್ಲಿದ್ದ ಕರಿಹಲಗೆಯ ಮೇಲೆ ಅಂದಿನ ಕಾರ್ಯಕ್ರಮ ಬರೆಯುವುದು. ಕರಿಹಲಗೆ ಇರಬೇಕೆಂದು ಶಾಸಕರೇ ಹಾಕಿಸಿದ್ದು, ಹಳೆಯ ಅಭ್ಯಾಸ. ಅದರ ಮೇಲೆ ಬರುತ್ತಿದ್ದುದು ಮಾಯಸಂದ್ರದಲ್ಲಿ ಮದುವೆ, ಕಂದಿಕೆರೆಯಲ್ಲಿ ಗೃಹಪ್ರವೇಶ, ಕಿಬ್ಬನಹಳ್ಳಿಯಲ್ಲಿ ಹನ್ನೊಂದನೇ ದಿನದ ತಿಥಿ. ಒಂದು ತಿಥಿ ತಪ್ಪಿದರೆ ಆ ಬೀದಿಯ ಓಟು ಹೋಯಿತು ಎಂದು ಲೆಕ್ಕ. ರಸ್ತೆ ಆಗಲಿಲ್ಲ ಎಂದು ಜಗಳ ಮಾಡಿದವರಿಗಿಂತ ‘ನಮ್ಮ ಅಪ್ಪನ ತಿಥಿಗೆ ಎಮ್ಮೆಲ್ಲೆ ಬರಲಿಲ್ಲ’ ಎಂದು ಜಗಳ ಮಾಡಿದವರು ನನ್ನ ಡೈರಿಯಲ್ಲಿ ಹೆಚ್ಚು. ಸಿಟ್ಟು ಶಾಸಕರ ಮೇಲೊಂದೇ ಅಲ್ಲ, ನಮ್ಮ ಜನರ ಮೇಲೂ ಇದೆ ಎಂದು ಇಲ್ಲೇ ಹೇಳಿಬಿಡುತ್ತೇನೆ.

ಮೇಷ್ಟ್ರುತನ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಅರ್ಜಿ ಹಿಡಿದು ನುಗ್ಗುವವರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಎಲೆ ಅಡಿಕೆ ಹಾಕಿಕೊಂಡು ಬಂದವರನ್ನು ಉಗಿದು ಬರಲು ಹೊರಗೆ ಕಳಿಸುತ್ತಿದ್ದರು. ಒಮ್ಮೆ ಕೊಬ್ಬರಿ ವರ್ತಕರೊಬ್ಬರು ಮಾತಿನ ನಡುವೆ ಬಾಯಿ ಹಾಕಿದ್ದಕ್ಕೆ, ‘ಕೈ ಎತ್ತಿ ಮಾತಾಡಯ್ಯಾ’ ಎಂದುಬಿಟ್ಟರು. ಆತ ಇವರ ಹಳೆಯ ವಿದ್ಯಾರ್ಥಿ. ಐವತ್ತರ ಆ ಮನುಷ್ಯ ನಿಜವಾಗಿಯೂ ಕೈ ಎತ್ತಿದ. ಡ್ರೈವರ್ ಕರಿಯಪ್ಪ ನನ್ನ ಕಿವಿಯಲ್ಲಿ, ‘ನೋಡ್ತಾ ಇರಿ ಸಾ, ಒಂದಿನ ಮಂತ್ರಿಗೂ ಬಸ್ಕಿ ಹೊಡುಸ್ತಾರೆ’ ಎಂದ.

ನಗು ಬಂದ ದಿನಗಳು ಇಂಥವು. ಉಳಿದ ದಿನಗಳಲ್ಲಿ ನಾನು ಡೈರಿಯಲ್ಲಿ ಎರಡು ಕಾಲಂ ಹಾಕಿ ಗೀಟು ಎಳೆಯುತ್ತಿದ್ದೆ. ಶಿಕ್ಷಣದ ಬಗ್ಗೆ ಬಂದ ಅರ್ಜಿಗಳು ಎರಡೇ ಬಗೆ. ‘ಹಳ್ಳಿ ಶಾಲೆಯಿಂದ ನನ್ನನ್ನು ಪಟ್ಟಣಕ್ಕೆ ವರ್ಗ ಮಾಡಿಸಿ’ ಎಂಬುದು ಒಂದು. ‘ನಮ್ಮ ಹಳ್ಳಿ ಶಾಲೆಗೆ ಮೇಷ್ಟ್ರನ್ನು ಕೊಡಿ’ ಎಂಬುದು ಇನ್ನೊಂದು. ಮೊದಲನೆಯ ಬಗೆಯವರು ಕಾರಿನಲ್ಲಿ ಬಂದು ನೇರ ಒಳಮನೆಗೆ ಹೋಗುತ್ತಿದ್ದರು, ಅವರ ಪತ್ರಕ್ಕೆ ಅಂದೇ ಸಹಿ ಬೀಳುತ್ತಿತ್ತು. ಎರಡನೆಯವರು ಜಗಲಿಯಲ್ಲಿ ಸಾಲು ನಿಲ್ಲುತ್ತಿದ್ದರು. ಅವರ ಅರ್ಜಿಯ ಮೂಲೆಯಲ್ಲಿ ‘ಪರಿಶೀಲಿಸಿ’ ಎಂದು ಬರೆದು ಇಲಾಖೆಗೆ ಕಳಿಸುತ್ತಿದ್ದೆವು. ಒಂದೇ ಊರಿನ ಮೇಷ್ಟ್ರನ್ನು ಬೆಳಿಗ್ಗೆ ಅಲ್ಲಿಂದ ಕಳಿಸುವ ಪತ್ರಕ್ಕೂ, ಮಧ್ಯಾಹ್ನ ಅದೇ ಊರಿಗೆ ಮೇಷ್ಟ್ರನ್ನು ಕೇಳುವ ಪತ್ರಕ್ಕೂ ಶಾಸಕರು ಸಹಿ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹೇಳಿದಾಗ, ‘ಇಬ್ರಿಗೂ ಇಲ್ಲ ಅನ್ನಕ್ಕಾಗಲ್ಲ ಕಣೋ’ ಎಂದರು.

ಮೂರನೇ ವರ್ಷದ ಒಂದು ಬೆಳಿಗ್ಗೆ ಸಾಲಿನಲ್ಲಿ ಸಿದ್ದಗಂಗಮ್ಮ ನಿಂತಿದ್ದರು. ನಮ್ಮ ಪಾಳ್ಯದ ಶಾಲೆಯ ಪೋಷಕರ ಸಮಿತಿಗೆ ಅವರೇ ಅಧ್ಯಕ್ಷೆ. ಸ್ವಂತ ತೋಟ ಸ್ವಲ್ಪ, ಉಳಿದಂತೆ ಊರವರು ಅಟ್ಟದ ಮೇಲೆ ಒಣಗಲು ಬಿಟ್ಟ ಕಾಯಿ ಇಳಿಸಿದಾಗ ಕೊಬ್ಬರಿ ಬಿಡಿಸಲು ಹೋಗುತ್ತಾರೆ. ಮಗ ನಾಲ್ಕನೇ ತರಗತಿ, ಮಗಳು ಒಂದನೇ ತರಗತಿ.

‘ಏನ್ ಮೇಷ್ಟ್ರೇ, ಚೆನ್ನಾಗಿದೀರಾ? ಫ್ಯಾನ್ ಕೆಳಗೆ ಕುಂತು ಬೆಳ್ಳಗಾಗ್ಬುಟ್ಟಿದೀರಿ.’

‘ಅರ್ಜಿ ತಂದಿದೀರಾ ಅಮ್ಮ?’

‘ತಂದಿದೀನಿ. ಯಾರಿಗೆ ಕೊಡ್ಬೇಕು?’

‘ನನಗೇ ಕೊಡಿ.’

‘ನಮ್ಮೂರಿಗೆ ಮೇಷ್ಟ್ರು ಬೇಕು ಅಂತ ನಮ್ಮೂರ್ ಮೇಷ್ಟ್ರಿಗೇ ಅರ್ಜಿ ಕೊಡ್ಬೇಕಾ? ಆಗ್ಲಿ ಬುಡಿ, ತಗಳಿ.’

ಹಿಂದೆ ನಿಂತವರು ನಕ್ಕರು. ಸಿದ್ದಗಂಗಮ್ಮ ನಗಲಿಲ್ಲ. ನಾಗರತ್ನ ಮೇಡಂ ಒಬ್ಬರೇ ಐದು ತರಗತಿಯನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಂಡಿದ್ದಾರೆ, ಅವರು ತಾಲ್ಲೂಕಿನ ಸಭೆಗೆ ಹೋದ ದಿನ ಅಡುಗೆಯವರೇ ಮಕ್ಕಳನ್ನು ನೋಡಿಕೊಳ್ಳುತ್ತಾರೆ ಎಂದು ಹೇಳಿದರು. ಒಂದೊಂದೇ ಮನೆಯವರು ಮಕ್ಕಳನ್ನು ಬಿಡಿಸಿ, ಕಿಬ್ಬನಹಳ್ಳಿ ಕಡೆಯಿಂದ ಬರುವ ಖಾಸಗಿ ಶಾಲೆಯ ವ್ಯಾನಿಗೆ ಹತ್ತಿಸುತ್ತಿದ್ದಾರಂತೆ. ‘ಇನ್ನೊಂದೈದಾರು ಮಕ್ಳು ಹೋದ್ರೆ ಶಾಲೆ ಮುಚ್ತಾರಂತೆ. ಉಳಿದೋರು ಪಕ್ಕದೂರಿಗೆ ಹೋಗ್ಬೇಕಂತೆ. ಮಧ್ಯ ಹೈವೇ ಐತೆ. ಕಾಯಿ ಲಾರಿ ಹೆಂಗ್ ಬತ್ತವೆ ಅಂತ ನಿಮ್ಗೆ ಗೊತ್ತು. ವ್ಯಾನಿಗೆ ಕಟ್ಟೋ ಶಕ್ತಿ ಇಲ್ದೋರ ಮಕ್ಳು ಅದನ್ನ ದಾಟ್ಕೊಂಡು ಹೋಗ್ಬೇಕು.’

ಶಿಫಾರಸು ಪತ್ರವನ್ನು ನಾನೇ ಟೈಪು ಮಾಡಿ, ಶಾಸಕರ ಸಹಿ ಹಾಕಿಸಿ, ಶಿಕ್ಷಣಾಧಿಕಾರಿಗಳಿಗೆ ಕಳಿಸಿದೆ. ಮೇಷ್ಟ್ರು ಕೊಡಲಾಗದಿದ್ದರೆ ಅತಿಥಿ ಶಿಕ್ಷಕರನ್ನಾದರೂ ಕೊಡಿ ಎಂದು ಸೇರಿಸಿದ್ದೆ. ಉತ್ತರ ಬೇಗ ಬಂತು. ‘ಸದರಿ ಶಾಲೆಗೆ ಮಂಜೂರಾದ ಎರಡೂ ಹುದ್ದೆಗಳು ಭರ್ತಿಯಾಗಿದ್ದು ಯಾವುದೇ ಹುದ್ದೆ ಖಾಲಿ ಇರುವುದಿಲ್ಲ. ಆದ್ದರಿಂದ ಅತಿಥಿ ಶಿಕ್ಷಕರ ನೇಮಕಕ್ಕೆ ಅವಕಾಶವಿರುವುದಿಲ್ಲ.’

ಇದನ್ನು ಹೊಸಬರು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ನಿಯೋಜನೆಯ ಮೇಲೆ ಹೋದ ಶಿಕ್ಷಕ ಕಾಗದದ ಪ್ರಕಾರ ಶಾಲೆಯಲ್ಲೇ ಇರುತ್ತಾನೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ‘ಅನ್ಯ ಕಾರ್ಯ’ ಎಂದು ಬರೆದಿರುತ್ತದೆ. ನಾನು ಸತ್ತಿದ್ದರೆ ಅಥವಾ ವರ್ಗವಾಗಿದ್ದರೆ ಆ ಶಾಲೆಗೆ ಇನ್ನೊಬ್ಬರು ಬರುತ್ತಿದ್ದರು. ಶಾಸಕರ ಜಗಲಿಯಲ್ಲಿ ಜೀವಂತವಾಗಿ ಕೂತಿದ್ದರಿಂದ ಬರಲಿಲ್ಲ.

ಪತ್ರವನ್ನು ಶಾಸಕರ ಮುಂದಿಟ್ಟು, ‘ನನ್ನನ್ನ ಬಿಟ್ಟುಬಿಡಿ ಸಾರ್, ವಾಪಸ್ ಹೋಗ್ತೀನಿ’ ಎಂದೆ. ಅವರು ಓದಿ, ‘ಪಕ್ಕದೂರಿನ ಮೇಷ್ಟ್ರನ್ನ ವಾರಕ್ಕೆ ಎರಡು ದಿನ ಅಲ್ಲಿಗೆ ಹಾಕಿ ಅಂತ ಫೋನ್ ಮಾಡು’ ಎಂದರು. ಮಾಡಿದೆ. ಹಾಕಿದರು. ಹದಿನೈದು ದಿನಕ್ಕೆ ಆ ಪಕ್ಕದೂರಿನವರು ಬಂದು ಅದೇ ಜಗಲಿಯಲ್ಲಿ ಸಾಲು ನಿಂತರು, ‘ನಮ್ಮ ಮೇಷ್ಟ್ರು ವಾರಕ್ಕೆ ಎರಡು ದಿನ ಎಲ್ಲಿಗೆ ಹೋಗ್ತಾರೆ ಸಾ?’ ಎಂದು. ಆ ವ್ಯವಸ್ಥೆಯೂ ನಿಂತಿತು.

ಮೇಷ್ಟ್ರು ಸಿಗದ ಶಾಲೆಗೆ ಮರುವರ್ಷ ಕೊಠಡಿ ಮಂಜೂರಾಯಿತು. ಇದಕ್ಕೆ ನಗಬೇಕೋ ಅಳಬೇಕೋ ಗೊತ್ತಿಲ್ಲ. ಕೊಠಡಿ ಕಟ್ಟಲು ಗುತ್ತಿಗೆದಾರರಿರುತ್ತಾರೆ, ಅದಕ್ಕಾಗಿ ಹತ್ತು ಜನ ಓಡಾಡುತ್ತಾರೆ. ಪಾಠ ಹೇಳುವುದಕ್ಕೆ ಯಾರೂ ಟೆಂಡರು ಹಾಕುವುದಿಲ್ಲ. ಗುದ್ದಲಿ ಪೂಜೆಗೆ ಹೋದೆವು. ಎರಡು ಕೋಣೆಯ ಶಾಲೆ, ಒಂದು ಕೋಣೆಗೆ ಬೀಗ. ಬೀಗ ಹಾಕಿದ್ದು ನನ್ನ ಕೋಣೆ. ಅದರ ಪಕ್ಕದಲ್ಲಿ ಮೂರನೆಯದಕ್ಕೆ ಗೆರೆ ಎಳೆದಿದ್ದರು. ನಾನು ಅರಿಶಿನ ಕುಂಕುಮದ ತಟ್ಟೆ ಹಿಡಿದು ಶಾಸಕರ ಪಕ್ಕ ನಿಂತಿದ್ದೆ. ಅವರು ಗುದ್ದಲಿ ಎತ್ತುವ ಹೊತ್ತಿಗೆ ಸಿದ್ದಗಂಗಮ್ಮ ಮುಂದೆ ಬಂದರು.

‘ಸಾ, ಒಂದ್ ಮಾತು. ನಮ್ಗೆ ಕೊಠಡಿ ಬ್ಯಾಡ ಕಣ್ರೀ. ಇರೋದ್ರಲ್ಲೇ ಒಂದಕ್ಕೆ ಬೀಗ ಹಾಕೈತೆ. ಆ ತಟ್ಟೆ ಹಿಡ್ಕೊಂಡಿದಾರಲ್ಲ, ಅವರನ್ನ ಕೊಟ್ಬುಟ್ಟು ಹೋಗಿ.’

ಗುತ್ತಿಗೆದಾರ ಅವರನ್ನು ಪಕ್ಕಕ್ಕೆ ಸರಿಸಲು ಹೋದ. ಶಾಸಕರು ತಡೆದು, ‘ಮಾಡೋಣ ಕಣಮ್ಮಾ, ಮಾಡೋಣ’ ಎಂದು ಗುದ್ದಲಿ ಹಾಕಿದರು. ಕಾಯಿ ಒಡೆಯಿತು. ಆಮೇಲೆ ಹಳೆಯ ಅಭ್ಯಾಸ ತಡೆಯದೆ ತರಗತಿಯೊಳಗೆ ಹೋಗಿ ಸೀಮೆಸುಣ್ಣ ತೆಗೆದುಕೊಂಡರು. ಒಂದು ತೋಟದಲ್ಲಿ ತೊಂಬತ್ತಾರು ಮರ, ಎಂಟು ಸಾಲು, ಸಾಲಿಗೆ ಎಷ್ಟು ಎಂದು ಕೇಳಿದರು. ಐದನೇ ತರಗತಿಯ ಯಾರಿಗೂ ಬರಲಿಲ್ಲ. ಶಾಸಕರ ಮುಖ ಕೆಂಪಾಯಿತು. ನಾಗರತ್ನ ಮೇಡಂ ಕಡೆ ತಿರುಗಿ ಎಲ್ಲರೆದುರಿಗೆ, ‘ಏನ್ ಕಲಿಸಿದೀರಿ ಇವರಿಗೆ? ಭಾಗಾಕಾರ ಬರಲ್ಲ ಅಂದ್ರೆ ಏನ್ರೀ ಅರ್ಥ?’ ಎಂದು ಗದರಿದರು.

ಮೇಡಂ ಎಂದೂ ಎದುರು ಮಾತಾಡಿದವರಲ್ಲ. ಸೆರಗನ್ನು ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು: ‘ನಮ್ಮ ಶಾಲೇಲಿ ಗಣಿತ ಪ್ರಸನ್ನ ಸರ್ ತಗೊಳ್ತಾರೆ ಸರ್. ಅವರು ಅನ್ಯ ಕಾರ್ಯದ ಮೇಲಿದ್ದಾರೆ.’

ಶಾಸಕರು ಸೀಮೆಸುಣ್ಣ ಕೆಳಗಿಟ್ಟರು. ಹೊರಗೆ ಬಂದು ಕಾರು ಹತ್ತಿದರು. ದಾರಿಯಲ್ಲಿ ನಾನೇ ಮತ್ತೆ ಕೇಳಿದೆ. ‘ಎಲೆಕ್ಷನ್ ಹತ್ರ ಬರ್ತಾ ಇದೆ ಪ್ರಸನ್ನ. ನಿನ್ನ ಬಿಟ್ರೆ ಈ ಕ್ಷೇತ್ರದಲ್ಲಿ ಯಾರ ಮನೇಲಿ ಯಾವತ್ತು ಏನಿದೆ ಅಂತ ಯಾರಿಗೆ ಗೊತ್ತು? ಅದೊಂದು ಮುಗೀಲಿ’ ಎಂದರು. ಆ ರಾತ್ರಿಯ ಡೈರಿಯಲ್ಲಿ ಒಂದೇ ಸಾಲು ಇದೆ: ‘ತಿಥಿಗಳನ್ನು ನೆನಪಿಟ್ಟುಕೊಳ್ಳಲು ಒಂದು ಶಾಲೆ ಮುಚ್ಚುತ್ತಿದೆ.’ ಮರುದಿನದಿಂದ ನಾನು ಇಲಾಖೆಗೆ ಬಿಡುಗಡೆ ಕೋರಿ ಬರೆಯತೊಡಗಿದೆ. ಶಾಸಕರ ಒಪ್ಪಿಗೆ ಪತ್ರ ಲಗತ್ತಿಸಿ ಎಂದು ಪ್ರತಿ ಸಲವೂ ವಾಪಸು ಬಂತು.

ಹೀಗೆ ಒಂದು ಮಳೆಗಾಲ ಕಳೆಯಿತು. ತಿಪಟೂರಿನ ಮಾರುಕಟ್ಟೆ ದಿನ ಕೊಬ್ಬರಿ ಹೇರಿಕೊಂಡ ಟೆಂಪೋಗಳು ನಮ್ಮ ಕಚೇರಿಯ ಮುಂದೆಯೇ ಹೋಗುತ್ತವೆ. ಅಂಥ ಒಂದು ದಿನ ಬೆಳಿಗ್ಗೆ, ನಾನು ಹಲಗೆಯ ಮೇಲೆ ಕಾರ್ಯಕ್ರಮ ಬರೆದು ಮುಗಿಸುವಾಗ, ಒಂದು ಟೆಂಪೋ ನಿಂತಿತು. ಚೀಲಗಳ ನಡುವಿನಿಂದ ಮಕ್ಕಳು ಇಳಿದರು. ಸಮವಸ್ತ್ರ, ಬೆನ್ನಿಗೆ ಚೀಲ. ಜೊತೆಗೆ ಐದಾರು ತಾಯಂದಿರು, ಮುಂದೆ ಸಿದ್ದಗಂಗಮ್ಮ. ಖಾಲಿ ಗೋಣಿಚೀಲಗಳನ್ನು ಜಗಲಿಯ ಮೇಲೆ ಹಾಸಿ ಮಕ್ಕಳನ್ನು ತರಗತಿವಾರು ಕೂರಿಸಿದರು. ಅರ್ಜಿಯವರು ಅಂಗಳಕ್ಕೆ ಸರಿದರು.

‘ಏನಿದು ಅಮ್ಮ?’ ಎಂದೆ.

‘ಶಾಲೆ. ಪಾಠ ಶುರು ಮಾಡಿ ಮೇಷ್ಟ್ರೇ, ಟೈಮಾಯ್ತು.’

‘ಮೇಡಂಗೆ ಗೊತ್ತಾ?’

‘ಅವರ್ಗೆ ಹೇಳಿದ್ರೆ ಅವರ ನೌಕರಿಗೆ ಬತ್ತದೆ. ಅದಕ್ಕೇ ಹೇಳಿಲ್ಲ. ಮಕ್ಳು ನಮ್ಮವು, ನಾವ್ ಕರ್ಕೊಂಡ್ ಬಂದಿದೀವಿ.’

ಅವರ ಮಗ ಆಗ ಐದನೇ ತರಗತಿ. ನನ್ನನ್ನೇ ನೋಡುತ್ತಿದ್ದ. ನಾನು ಹಲಗೆಯ ಕಡೆ ತಿರುಗಿದೆ. ಮಾಯಸಂದ್ರದ ನಾಮಕರಣ, ತುರುವೇಕೆರೆಯ ಅಂಗಡಿ ಉದ್ಘಾಟನೆ, ಎರಡು ತಿಥಿ. ಬಟ್ಟೆ ತೆಗೆದುಕೊಂಡು ಅಷ್ಟನ್ನೂ ಒರೆಸಿ, ತೊಂಬತ್ತಾರನ್ನು ಎಂಟರಿಂದ ಭಾಗಿಸುವುದು ಹೇಗೆ ಎಂದು ಬರೆದೆ.

ಶಾಸಕರು ಹೊರಡಲು ಸಿದ್ಧರಾಗಿ ಹೊರಗೆ ಬಂದಾಗ ಮಕ್ಕಳೆಲ್ಲ ಎದ್ದು ನಿಂತು ‘ನಮಸ್ತೇ ಸಾರ್’ ಎಂದರು. ಅವರ ಕೈ ತಾನಾಗಿಯೇ ‘ಕೂತ್ಕೊಳ್ಳಿ’ ಎಂದು ಸನ್ನೆ ಮಾಡಿತು. ಆಮೇಲೆ ಹಲಗೆ ಕಂಡಿತು.

‘ಇವತ್ತಿನ ಪ್ರೋಗ್ರಾಂ ಎಲ್ಲಯ್ಯಾ?’

‘ಒರೆಸಿದೆ ಸಾರ್.’

‘ಇದನ್ನ ಯಾರು ಹೇಳ್ಕೊಟ್ಟಿದ್ದು ಇವರಿಗೆ?’

ಉತ್ತರ ಕೊಟ್ಟವರು ಸಿದ್ದಗಂಗಮ್ಮ. ‘ಹೇಳ್ಕೊಡೋರು ಇದ್ದಿದ್ರೆ ಇಲ್ಲಿಗ್ಯಾಕೆ ಬತ್ತಿದ್ವಿ ಸಾ?’

‘ಇದು ಶಾಸಕರ ಕಚೇರಿ ಕಣಮ್ಮಾ, ಶಾಲೆ ಅಲ್ಲ.’

‘ಮೇಷ್ಟ್ರು ಎಲ್ಲವ್ರೋ ಅದೇ ಶಾಲೆ. ಹುದ್ದೆ ಖಾಲಿ ಇಲ್ಲ ಅಂತ ನಿಮ್ಮ ಇಲಾಖೆಯೋರೇ ಕಾಗ್ದ ಕೊಟ್ಟವ್ರೆ. ನಾಳೆನೂ ಬತ್ತೀವಿ. ಬಿಸಿಯೂಟ ಇಲ್ಲೇ ಮಾಡುಸ್ಬುಡಿ, ಮಕ್ಳು ಹಸ್ಕೊಂಡಿರ್ತವೆ.’

ಅಷ್ಟರಲ್ಲಿ ಹಾದಿಯಲ್ಲಿ ಇನ್ನೂ ನಾಲ್ಕು ಟೆಂಪೋ ನಿಂತಿದ್ದವು. ಕೊಬ್ಬರಿ ಮಾರಲು ಹೊರಟವರು ಚೀಲದ ಮೇಲೆ ಕೂತೇ ನೋಡುತ್ತಿದ್ದರು. ಯಾರೋ ಮೊಬೈಲು ಎತ್ತಿ ಹಿಡಿದಿದ್ದರು. ಒಬ್ಬ ಮುದುಕ, ‘ಮೇಷ್ಟ್ರು ಗೆದ್ದಿದ್ದಕ್ಕೆ ಶಾಲೆ ಅವರ ಮನೆಗೇ ಬಂದೈತೆ ಕಣ್ಲಾ’ ಎಂದ. ಶಾಸಕರು ಯಾರನ್ನೂ ಗದರಲಿಲ್ಲ. ಕಾರಿನಲ್ಲಿ ಕೂತು, ‘ನಡಿಯೋ’ ಎಂದರು. ಕರಿಯಪ್ಪ, ‘ಎಲ್ಲಿಗೆ ಸಾ? ಹಲಗೆ ಮ್ಯಾಲೆ ಏನೂ ಇಲ್ವಲ್ಲ’ ಎಂದದ್ದು ನನಗೆ ಕೇಳಿಸಿತು.

ಮರುದಿನವೂ ಬಂದರು. ವ್ಯಾನಿನ ಶಾಲೆಗೆ ಹೋಗುತ್ತಿದ್ದ ಇಬ್ಬರು ಮಕ್ಕಳೂ ಜೊತೆಗಿದ್ದರು. ಅಂದು ಸಂಜೆ ಶಾಸಕರು ಒಳಗೆ ಕರೆದು, ನನ್ನ ಬಿಡುಗಡೆಗೆ ಒಪ್ಪಿಗೆ ಬರೆದು ಮುಂದಿಟ್ಟರು. ಕೈ ಚಾಚಿದಾಗ ಕಾಗದವನ್ನು ತಕ್ಷಣ ಬಿಡಲಿಲ್ಲ.

‘ಹತ್ತನೇ ಕ್ಲಾಸಿನಲ್ಲಿ ನಿನಗೆ ಗಣಿತ ಕಲಿಸಿದ್ದು ಯಾರು?’

‘ನೀವೇ ಸಾರ್.’

‘ಕಷ್ಟಕಾಲದಲ್ಲಿ ಕೈ ಬಿಟ್ಟು ಹೋಗ್ತಾ ಇದೀಯ.’

ಆ ಮಾತಿಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಎರಡು ದಿನ ತಮ್ಮ ಜಗಲಿಯ ಮೇಲೆಯೇ ಮಕ್ಕಳು ಕೂತಿದ್ದರೂ, ಕೈ ಬಿಟ್ಟವರು ಯಾರು ಎಂಬ ಯೋಚನೆ ಆ ಮೇಷ್ಟ್ರ ತಲೆಗೆ ಬರಲಿಲ್ಲ. ನಾನು ನಮಸ್ಕಾರ ಮಾಡಿ ಹೊರಗೆ ಬಂದೆ.

ಪಾಳ್ಯದ ಶಾಲೆಗೆ ಮರಳಿ ಸೇರಿದೆ. ನನ್ನ ಕೋಣೆಯ ಬೀಗ ತುಕ್ಕು ಹಿಡಿದಿತ್ತು, ಕಲ್ಲಿನಿಂದ ಒಡೆಯಬೇಕಾಯಿತು. ವ್ಯಾನಿಗೆ ಹೋದ ಮಕ್ಕಳಲ್ಲಿ ಅರ್ಧದಷ್ಟು ವಾಪಸು ಬಂದರು, ಉಳಿದವರು ಬರಲೇ ಇಲ್ಲ. ಶಾಲೆ ಮುಚ್ಚುವ ಮಾತು ಸದ್ಯಕ್ಕೆ ನಿಂತಿತು. ಮೂರನೇ ಕೊಠಡಿಯ ಪಾಯದಲ್ಲಿ ನೀರು ನಿಂತು ಕಪ್ಪೆ ಸೇರಿಕೊಂಡಿದ್ದವು.

ತಿಂಗಳೊಳಗೆ ಒಂದು ಫೋನು ಬಂತು. ನನಗಿಂತ ಚಿಕ್ಕವನಾದ ಒಬ್ಬ ಮೇಷ್ಟ್ರು, ಬಹಳ ಸಂತೋಷದಲ್ಲಿದ್ದ. ನನ್ನ ಜಾಗಕ್ಕೆ ಅವನಿಗೆ ನಿಯೋಜನೆ ಆಗಿತ್ತು. ತಿಥಿ ಮದುವೆಗಳನ್ನು ಹೇಗೆ ಬರೆದಿಟ್ಟುಕೊಳ್ಳುತ್ತಿದ್ದಿರಿ ಎಂದು ಕೇಳಿದ. ಆದೇಶದ ಪ್ರತಿಯನ್ನೂ ಕಳಿಸಿದ್ದ. ಅದೇ ಒಕ್ಕಣೆ, ನನ್ನ ಹೆಸರಿದ್ದ ಕಡೆ ಅವನ ಹೆಸರು, ನಮ್ಮ ಶಾಲೆ ಇದ್ದ ಕಡೆ ಅವನ ಶಾಲೆ. ಹೋಗಬೇಡ ಎಂದೆ. ‘ಆರ್ಡರ್ ಆಗಿದೆಯಲ್ಲ ಸಾರ್, ಹೋಗದೆ ಇರೋಕಾಗುತ್ತಾ?’ ಎಂದ. ನನಗೂ ಆಗಿರಲಿಲ್ಲ.

ಅಂದು ಸಮಿತಿಯ ಸಭೆಗೆ ಸಿದ್ದಗಂಗಮ್ಮ ಶಾಲೆಗೆ ಬಂದಿದ್ದರು. ವಿಷಯ ಹೇಳಿದೆ.

‘ಅದು ಎಷ್ಟ್ ಮೇಷ್ಟ್ರ ಶಾಲೆ?’

‘ಎರಡು.’

‘ಈಗ ಒಂದಾ?’

‘ಹೂಂ.’

‘ಅಲ್ಲೂ ಅಧ್ಯಕ್ಷರು ಅಂತ ಒಬ್ರು ಇರ್ತಾರಲ್ವಾ? ನಂಬರ್ ಕೊಡಿ.’

ಕಚೇರಿಯ ದಿನಗಳಿಂದ ನನ್ನ ಫೋನಿನಲ್ಲಿ ಎಲ್ಲ ಊರಿನವರ ನಂಬರೂ ಇತ್ತು, ಕೊಟ್ಟೆ. ಅಂಗಳದ ತೆಂಗಿನ ಮರದ ನೆರಳಿಗೆ ಹೋಗಿ, ಒಂದು ಕಿವಿ ಮುಚ್ಚಿಕೊಂಡು ಜೋರಾಗಿ ಮಾತಾಡಿದರು. ಒಳಗೆ ಮಗ್ಗಿ ಹೇಳುತ್ತಿದ್ದ ಮಕ್ಕಳಿಗೂ ಕೇಳಿಸುವಷ್ಟು ಜೋರಾಗಿ.

‘ಅಣ್ಣಾ, ನೀವ್ಯಾರೋ ನಂಗೊತ್ತಿಲ್ಲ, ನಾವು ಪಾಳ್ಯದೋರು. ಒಂದ್ ವಿಷ್ಯ ಕೇಳ್ಬೇಕಿತ್ತು. ನಿಮ್ಮೂರಲ್ಲಿ ಟೆಂಪೋ ಯಾರತ್ರ ಐತೆ?’